ಗಡ್ಡೆಯ ಸುತ್ತ ಒಂದು ಗೆರೆ, ಅಂಗದ ಸುತ್ತ ಇನ್ನೊಂದು



ಘೋಡಗೇರಿ, ಗೋಕಾಕ, ಹುಕ್ಕೇರಿ ಕಡೆಯವರು ಬಾಯಿ ಕ್ಯಾನ್ಸರಿಗೆ "ಕರೆಂಟ್" ಕೊಡಿಸಲು ಬೆಳಗಾವಿಗೋ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಹೋಗುತ್ತಾರೆ. ಅಲ್ಲಿ ಕೆಲವು ದಿನ ಕಾಯುವಾಗ ಮನೆಯವರಿಗೆ ಕಳವಳ: "ಸ್ಕ್ಯಾನ್ ಆತು, ಮಾರಿಗೆ ಅಚ್ಚೂ ಮಾಡ್ಯಾರ. ಇನ್ನ್ಯಾಕ ತಡಾ?"

ಆ ದಿನಗಳಲ್ಲಿ ವೈದ್ಯರು ಸ್ಕ್ಯಾನಿನ ಒಂದೊಂದು ಪದರದ ಮೇಲೂ ಗೆರೆ ಎಳೆಯುತ್ತಿರುತ್ತಾರೆ. ಕಾಣುವ ಗಡ್ಡೆಯ ಸುತ್ತ ಒಂದು ಗೆರೆ. ಕಾಣದೆ ಹರಡಿರಬಹುದಾದ ರೋಗವನ್ನು ಸೇರಿಸಿ ಇನ್ನೊಂದು. ದಿನವೂ ಮಲಗುವಾಗ ಆಗುವ ಅಲ್ಪ ವ್ಯತ್ಯಾಸಕ್ಕಾಗಿ ಮತ್ತೊಂದು. ಆಮೇಲೆ ಬೆನ್ನುಹುರಿ, ಜೊಲ್ಲಿನ ಗ್ರಂಥಿ, ದವಡೆ ಎಲುಬು, ಇವುಗಳ ಸುತ್ತಲೂ ಗೆರೆ. 'ಗ್ರೇ' ಎಂಬ ಅಳತೆಯಲ್ಲಿ ಗಡ್ಡೆಗೆ 60ರಿಂದ 70ರಷ್ಟು ವಿಕಿರಣ ಬೇಕಾಗಬಹುದು. ಬೆನ್ನುಹುರಿಗೆ 45ರಿಂದ 50 ದಾಟದಂತೆ ನೋಡಿಕೊಳ್ಳುತ್ತಾರೆ. ಜೊಲ್ಲಿನ ಗ್ರಂಥಿ ಸುಟ್ಟರೆ ಬಾಯಿ ಒಣಗುತ್ತದೆ, ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದು. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಒಂದು ವರ್ಷದ ನಂತರ ಬಾಯಿ ಗಣನೀಯವಾಗಿ ಒಣಗಿದವರು ಹಳೆಯ ವಿಧಾನದಲ್ಲಿ ನೂರಕ್ಕೆ 74. ಗ್ರಂಥಿ ಉಳಿಸುವ ವಿಧಾನದಲ್ಲಿ 38.

ಹಾನಿಯಾಗುವುದೆಂದು ತಿಳಿದೂ ಆರೋಗ್ಯವಂತ ಅಂಗಕ್ಕೆ ವಿಕಿರಣ ತಗಲಿಸುವುದು ಸರಿಯೇ? 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಆತ್ಮರಕ್ಷಣೆಯ ಕುರಿತು ಬರೆಯುತ್ತಾ, ಒಂದೇ ಕ್ರಿಯೆಗೆ ಎರಡು ಪರಿಣಾಮಗಳಿರಬಹುದು, ನಾವು ಉದ್ದೇಶಿಸಿದ್ದು ಒಂದನ್ನೇ ಆಗಿರಬಹುದು ಎಂದು ತೋರಿಸಿದರು. ಆದರೆ ಅಗತ್ಯಕ್ಕಿಂತ ಹೆಚ್ಚು ಬಲ ಬಳಸಿದರೆ ಅದು ಅಧರ್ಮವೆಂದೂ ಸೇರಿಸಿದರು. ಈ ಎರಡನೆಯ ಮಾತನ್ನು ನಾವು ಸುಲಭವಾಗಿ ಮರೆಯುತ್ತೇವೆ. "ನನ್ನ ಉದ್ದೇಶ ಒಳ್ಳೆಯದಿತ್ತು" ಎಂದರೆ ಸಾಲದು. ಹಾನಿ ಕಡಿಮೆ ಮಾಡಲು ಏನು ಶ್ರಮಪಟ್ಟೆವು ಎಂಬುದೇ ಆ ಉದ್ದೇಶಕ್ಕೆ ಸಾಕ್ಷಿ. ಅಂಗದ ಸುತ್ತ ಎಳೆದ ಗೆರೆ ಅಂಥ ಸಾಕ್ಷಿ.

ಹಾಗೆಂದು ಅತಿ ಮರುಕವೂ ಸಲ್ಲದು. ಗಡ್ಡೆ ಗ್ರಂಥಿಗೆ ಅಂಟಿಕೊಂಡಿರುವಾಗ ಗ್ರಂಥಿ ಉಳಿಸಲೆಂದು ಗೆರೆಯನ್ನು ಒಳಕ್ಕೆ ಎಳೆದರೆ ರೋಗವೇ ಉಳಿಯುತ್ತದೆ. ಶುಭಸಂದೇಶದ ಕಳೆಯ ಸಾಮತಿಯಲ್ಲಿ ಯಜಮಾನನು ಸುಗ್ಗಿಯವರೆಗೆ ಕಾದನು. ಕ್ಯಾನ್ಸರಿಗೆ ಅಷ್ಟು ಕಾಲಾವಕಾಶವಿಲ್ಲ. ಆದರೂ ಕಳೆಯೊಡನೆ ಗೋಧಿಯೂ ಕಿತ್ತುಬರಬಾರದೆಂಬ ಅವನ ಕಾಳಜಿ ನಮಗೆ ಇಲ್ಲಿಯೂ ಬೇಕು.

ಆದ್ದರಿಂದ ಆ ಕೆಲವು ದಿನ ತಾಳ್ಮೆಯಿಂದಿರಿ. ವೈದ್ಯರನ್ನು ಎರಡು ಮಾತು ಕೇಳಿರಿ: ಯಾವ ಅಂಗ ಉಳಿಯುತ್ತದೆ? ಯಾವುದನ್ನು ಬಿಟ್ಟುಕೊಡಬೇಕಾಗುತ್ತದೆ? ಉತ್ತರವನ್ನು ರೋಗಿಯಿಂದ ಮುಚ್ಚಿಡಬೇಡಿರಿ. ಗೆರೆ ಎಳೆಯುವವರು ವೈದ್ಯರಾದರೂ, ಅದರೊಂದಿಗೆ ಬಾಳಬೇಕಾದವರು ಅವರೇ.