ಸಂಬಳ ನಾನು ಕೊಡುತ್ತೇನೆ ಅಂದವಳು

ವಿಮೋಚನಕಾಂಡ 2ನೇ ಅಧ್ಯಾಯ ತೆಗೀರಿ. ಮೊಬೈಲ್‌ನಲ್ಲಿ ಬೈಬಲ್ ಓದೋರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.

ನದಿಯ ದಡದಲ್ಲಿ ಬುಟ್ಟಿಯೊಳಗೆ ಸಿಕ್ಕ ಮೋಶೆಯ ಕಥೆ ಸಂಡೇ ಸ್ಕೂಲಿಂದಲೇ ನಮಗೆ ಗೊತ್ತು. ಆದರೆ 9ನೇ ವಚನವನ್ನು ಬೇಗ ದಾಟಿಬಿಡ್ತೇವೆ. ಫರೋಹನ ಮಗಳು ಆ ತಾಯಿಗೆ, ಮಗುವನ್ನು ಸಾಕಿಕೊಡು, ಸಂಬಳ ನಾನು ಕೊಡ್ತೇನೆ ಅಂದಳು. ಒಂದು ಗೊಂಬೆ ಕೊಟ್ಟು ಫೋಟೋ ತೆಗೆಸಿಕೊಂಡು ಹೋಗಲಿಲ್ಲ, ಪ್ರಿಯರೇ. ಮಗುವಿನ ಜೊತೆ ದಿನಾ ಕೂರುವವಳ ಸಂಬಳವನ್ನೇ ಹೊತ್ತಳು. ಅದೂ ಪರರ ಮಗುವಿಗೆ.

ಮುಂದೆ 4ನೇ ಅಧ್ಯಾಯದಲ್ಲಿ ಇದೇ ಮೋಶೆ, ನನಗೆ ಮಾತು ಸುಲಭವಾಗಿ ಬರೋದಿಲ್ಲ ಅಂತಾನೆ. ದೇವರು ಕೋಪಗೊಂಡದ್ದು ಅವನ ನಾಲಿಗೆಯ ಮೇಲಲ್ಲ, ಅವನು ಹೋಗೋದಿಲ್ಲ ಅಂದಾಗ. ಆ ಕೋಪದಲ್ಲೂ ಆರೋನನನ್ನು ಜೊತೆಗೆ ಕೊಟ್ಟನು. ಪರೀಕ್ಷೆಯಲ್ಲಿ ಬರೆದುಕೊಡೋಕೆ ಸ್ಕ್ರೈಬ್ ಕೊಡ್ತಾರಲ್ಲ, ನನಗೆ ಆರೋನನೇ ನೆನಪಾಗ್ತಾನೆ.

ಕೆಲವು ಮಕ್ಕಳು ಕೇಳಿಸಿಕೊಂಡೇ ಇಡೀ ಕೀರ್ತನೆ ಬಾಯಿಪಾಠ ಹೇಳ್ತಾರೆ, ಪುಸ್ತಕ ತೆಗೆದರೆ ಮೊದಲ ಸಾಲಿನಲ್ಲೇ ನಿಂತುಬಿಡ್ತಾರೆ. ಇದು ಡಿಸ್ಲೆಕ್ಸಿಯಾ ಇರಬಹುದು. ಬುದ್ಧಿ ಕಡಿಮೆ ಅಂತಲ್ಲ, ಸೋಮಾರಿತನವೂ ಅಲ್ಲ. ನಮ್ಮ ಕನ್ನಡದಲ್ಲಂತೂ ಕಾಗುಣಿತ, ಒತ್ತಕ್ಷರ ಸೇರಿ ಗುರುತಿಸಬೇಕಾದ ರೂಪಗಳು ನೂರಾರು. ಇಂಥ ಮಗುವನ್ನು "ದುರಾತ್ಮ ಇದೆ, ಬಿಡಿಸಿ ಪಾಸ್ಟರ್" ಅಂತ ಕರ್ಕೊಂಡು ಬರ್ತಾರೆ. ನಾನು ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸ್ತೇನೆ, ಸ್ವಸ್ಥಪಡಿಸುವ ದೇವರನ್ನು ನಂಬ್ತೇನೆ. ಆದರೆ ಬೇರೆ ರೀತಿಯಲ್ಲಿ ಓದು ಕಲಿಸಬೇಕಾದ ಮಗುವಿನಿಂದ ದೆವ್ವ ಬಿಡಿಸೋಕೆ ಹೋಗೋದಿಲ್ಲ. ಆಮೆನ್ ಹೇಳೋಕೆ ಯಾಕೆ ತಡ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ 21 ವಿಧಗಳಲ್ಲಿ ಒಂದಾಗಿ ಸೇರಿಸಿದೆ. ಒಳ್ಳೆಯದೇ. ಆದರೆ ಶಾಲೆಯಲ್ಲಿ ಗುರುತಿಸುವ ಕೆಲಸ ಶುರುವಾಗೋದು 3ನೇ ತರಗತಿ ಅಥವಾ 8 ವರ್ಷದ ಹೊತ್ತಿಗೆ. ಸರ್ಟಿಫಿಕೇಟ್ ಆಮೇಲೆ. ಲಕ್ಷಣಗಳು ಅದಕ್ಕೂ ಮೊದಲೇ, 4-5 ವರ್ಷಕ್ಕೇ ಕಾಣಿಸಬಹುದು: ಪ್ರಾಸದ ಪದ ಹಿಡಿಯೋಕಾಗಲ್ಲ, ಅಕ್ಷರಕ್ಕೂ ಅದರ ಧ್ವನಿಗೂ ನಂಟು ಕೂಡಿಬರಲ್ಲ. ಆ ವಯಸ್ಸಲ್ಲೇ ಸಹಾಯ ಸಿಕ್ಕರೆ ಕಲಿಯೋದು ಹಗುರ. "ನಾನು ದಡ್ಡ" ಅನ್ನೋ ಮಾತು ಮಗುವಿನ ಮನಸ್ಸಲ್ಲಿ ಬೇರು ಬಿಡೋದಕ್ಕೆ ಮುಂಚೆ ಸಿಗಬೇಕು. ಸರ್ಟಿಫಿಕೇಟ್ ಇಲ್ಲದ ಈ ವರ್ಷಗಳಲ್ಲೇ ದಾನಿಗಳ ಹಣ ಹೆಚ್ಚು ಬೇಕು.

ದಾನಿಗಳಿಗೆ ಏನಿಷ್ಟ? ಸ್ಕೂಲ್ ಬ್ಯಾಗ್, ಹೆಸರು ಕೆತ್ತಿದ ಗೋಡೆ. ಸಭೆಗಳೂ ಹಾಗೇ. ಆದರೆ ಇಲ್ಲಿ ಬೇಕಿರೋದು ತರಬೇತಾದ ಒಬ್ಬ ಟೀಚರ್, ಎರಡು ಮೂರು ಮಕ್ಕಳ ಜೊತೆ, ವಾರಕ್ಕೆ ಹಲವು ಸಲ, ತಿಂಗಳುಗಟ್ಟಲೆ. ಅದು ಸಂಬಳದ ಖರ್ಚು. ಒಂದು ಸಲ ಕೊಟ್ಟು ಮುಗಿಯೋದಲ್ಲ. ಉದ್ಘಾಟನೆಗೆ ರಿಬ್ಬನ್ ಕೂಡ ಇರಲ್ಲ.

ಐಟಿಯಲ್ಲಿರೋರು ಕೇಳಿ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ 2% ಸಿಎಸ್ಆರ್‌ಗೆ ಇಡಬೇಕು. ವಿಶೇಷ ಶಿಕ್ಷಣ ಆ ಪಟ್ಟಿಯಲ್ಲೇ ಇದೆ. ನಿಮ್ಮ ಆಫೀಸಿನ ಸಿಎಸ್ಆರ್ ತಂಡವನ್ನು ಒಂದು ಮಾತು ಕೇಳಿ: ನಮ್ಮ ಹಣದಲ್ಲಿ ಟೀಚರ್ ಸಂಬಳಕ್ಕೆ ಎಷ್ಟು, ಎಷ್ಟು ವರ್ಷಕ್ಕೆ?

ನಮ್ಮ ಸಂಜೆ ಟ್ಯೂಷನ್‌ಗೆ ಇಂಥ ಒಬ್ಬ ಟೀಚರ್ ಬೇಕು. ಯೂತ್‌ನಲ್ಲಿ 60 ಮಂದಿ ತಿಂಗಳಿಗೆ 500 ರೂಪಾಯಿ ಅಂದರೆ 30,000. ದಶಮಾಂಶದಿಂದ ಕಡಿತ ಮಾಡಬೇಡಿ, ಬೇರೆಯಾಗಿ ಕೊಡಿ. ಮೂರು ತಿಂಗಳು ಕೊಟ್ಟು ನಿಲ್ಲಿಸೋರು ದಯವಿಟ್ಟು ಹೆಸರು ಬರೆಸಬೇಡಿ, ನಡುವೆ ಟೀಚರ್ ಹೋದರೆ ಮಗುವಿಗೇ ನಷ್ಟ. ಬರೋ ಮಕ್ಕಳ ಮನೆಯವರು ಸಭೆಗೆ ಬರಲೇಬೇಕು ಅನ್ನೋ ಷರತ್ತು ಇರೋದಿಲ್ಲ. ಫರೋಹನ ಮಗಳು ಷರತ್ತು ಹಾಕಿದ್ದನ್ನು ನಾನಂತೂ ಓದಿಲ್ಲ.

ಬಾಗಿಲ ಹತ್ತಿರ ಪುಸ್ತಕ ಇಟ್ಟಿದ್ದೇವೆ. ಸಂಡೇ ಸ್ಕೂಲ್ ಟೀಚರ್‌ಗಳು ಆರಾಧನೆ ಮುಗಿದ ಮೇಲೆ ಹತ್ತು ನಿಮಿಷ ಇರಿ. ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.