ಬಾಣಂತಿಯ ಕೋಣೆಯ ಹೊಸ್ತಿಲು

ಪಾಪಿರೆಡ್ಡಿಪಟ್ಟಿಯ ಕಡೆಯ ಭಕ್ತರೊಬ್ಬರು, ಅರಿಶಿನ ಬೆಳೆಯುವ ಗೃಹಸ್ಥರು, ಮೊಮ್ಮಗುವಿನ ಲಿಂಗಧಾರಣೆಯ ವಿಚಾರ ಕೇಳಲು ಮಠಕ್ಕೆ ಬಂದಿದ್ದರು. ಮಗಳ ಹೆರಿಗೆ ಕಷ್ಟವಾಗಿ, ಕ್ರೈಸ್ತ ಸನ್ಯಾಸಿನಿಯರು ನಡೆಸುವ ಆಸ್ಪತ್ರೆಗೆ ಸೇರಿಸಿದ್ದರಂತೆ. ತಾಯಿ ಮಗು ಕ್ಷೇಮ. ಆದರೂ ಅವರಿಗೊಂದು ಅಳುಕು. "ಬುದ್ಧಿ, ಕೂಸನ್ನು ಮೊದಲು ಕೈಗೆತ್ತಿಕೊಂಡವರು ಆ ಅಮ್ಮನವರು. ಅವರು ಮಾಡುವುದು ದಾಸೋಹವೋ, ಮತಕ್ಕೆ ಸೆಳೆಯುವ ದಾರಿಯೋ?"

ಈ ಪ್ರಶ್ನೆ ಅವರೊಬ್ಬರದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ವ್ಯಾಪಾರಸ್ಥರ ಸಂಶಯ. ಲಾಭವಿಲ್ಲದ ಆಸ್ಪತ್ರೆಯೆಂದರೆ ಬಿಲ್ಲಿಲ್ಲದ ಆಸ್ಪತ್ರೆಯಲ್ಲ. ಔಷಧಕ್ಕೆ, ಸಂಬಳಕ್ಕೆ, ಕರೆಂಟಿಗೆ ದುಡ್ಡು ಬೇಕೇ ಬೇಕು. ವರ್ಷದ ಕೊನೆಗೆ ಉಳಿದದ್ದು ಯಾರ ಮನೆಗೂ ಪಾಲಾಗಿ ಹೋಗದೆ ಆಸ್ಪತ್ರೆಗೇ ತಿರುಗಬೇಕು, ಅಷ್ಟೇ ಕಟ್ಟಳೆ. ಈ ಕಟ್ಟಳೆಯನ್ನು ಪಾಲಿಸುತ್ತಾರೋ ಇಲ್ಲವೋ ಎಂದು ಲೆಕ್ಕ ನೋಡಿ ಹೇಳಬೇಕೇ ಹೊರತು ಹಣೆಯ ಮೇಲಿನ ಗುರುತು ನೋಡಿ ಅಲ್ಲ. ನಮ್ಮ ಸಂಸ್ಥೆಗಳಿಗೂ ಇದೇ ಮಾತು.

ಇನ್ನು ಮತದ ಮಾತು. ಸೇವೆ ಮಾಡುವವರ ಮನಸ್ಸಿನಲ್ಲಿ ತಮ್ಮ ದೇವರ ಹೆಸರಿರುವುದು ತಪ್ಪಲ್ಲ. ನಾವು ದಾಸೋಹದ ಪಂಕ್ತಿಯಲ್ಲಿ ಶಿವನನ್ನು ನೆನೆಯದೆ ಬಡಿಸುತ್ತೇವೆಯೇ? ಔಷಧ ಕೊಡಲು 'ನಮ್ಮ ಮತಕ್ಕೆ ಬಾ' ಎಂಬ ಕರಾರು ಹಾಕಿದರೆ ಮಾತ್ರ ಅದು ಸೇವೆಯಲ್ಲ. ಅಂಥ ಕರಾರು ಇತ್ತೇ ಎಂದು ಅವರನ್ನೇ ಕೇಳಿದೆವು. "ಇಲ್ಲ ಬುದ್ಧಿ. ಆಪರೇಷನ್ನಿಗೆ ಮುಂಚೆ ಮಗಳ ಕೊರಳ ಲಿಂಗವನ್ನು ಬಿಚ್ಚಿ ನಮ್ಮ ಕೈಗೆ ಕೊಡಲಿಲ್ಲ, ಬಟ್ಟೆಯಲ್ಲಿ ಸುತ್ತಿ ಅವಳ ತೋಳಿಗೇ ಕಟ್ಟಿದರು" ಎಂದರು.

ಈ ಸನ್ಯಾಸಿನಿಯರು ಹೆರಿಗೆಯ ಕೋಣೆಗೆ ಬಂದ ಬಗೆಯನ್ನು ನಮ್ಮವರು ತಿಳಿಯಬೇಕು. ಅವರ ಧರ್ಮದಲ್ಲಿ ಬಹುಕಾಲ ವ್ರತ ಹಿಡಿದ ಹೆಂಗಸರು ಹೆರಿಗೆ ಮಾಡಿಸುವಂತಿರಲಿಲ್ಲ. ವ್ರತಕ್ಕೆ ಕುಂದೆಂಬ ಭಾವನೆ. ಇತ್ತ ನಮ್ಮ ದೇಶದಲ್ಲಿ ಗಂಡು ಡಾಕ್ಟರ ಕೈಯಿಂದ ಹೆರಿಗೆ ಮಾಡಿಸಿಕೊಳ್ಳಲು ಒಪ್ಪದೆ ಎಷ್ಟೋ ತಾಯಂದಿರು ಪ್ರಾಣ ಬಿಡುತ್ತಿದ್ದರು. ಇದನ್ನು ರಾವಲ್ಪಿಂಡಿಯಲ್ಲಿ ಕಣ್ಣಾರೆ ಕಂಡ ಆಸ್ಟ್ರಿಯಾದ ವೈದ್ಯೆ ಅನ್ನಾ ಡೆಂಗೆಲ್ 1925ರಲ್ಲಿ ವೈದ್ಯ ಸೇವೆಗೆಂದೇ ಸೋದರಿಯರ ಸಂಘ ಕಟ್ಟಿದರು. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು ಸನ್ಯಾಸಿನಿಯಾದರು. ವೈದ್ಯ ವೃತ್ತಿ ಬಿಡದಿರಲು ಅವರಿಗೆ ಪೋಪರ ಪ್ರತ್ಯೇಕ ಅಪ್ಪಣೆಯೇ ಬೇಕಾಯಿತು. ಕೊನೆಗೆ 1936ರಲ್ಲಿ ರೋಮ್ ತನ್ನ ಕಟ್ಟಳೆಯನ್ನು ಸಡಿಲಿಸಿತು. 1943ರಲ್ಲಿ ಗ್ಲೌರಿಯವರು ಆರಂಭಿಸಿದ ಕ್ಯಾಥೊಲಿಕ್ ಆಸ್ಪತ್ರೆಗಳ ಒಕ್ಕೂಟದಲ್ಲಿ ಇಂದು ದೇಶದುದ್ದಕ್ಕೂ ದೊಡ್ಡ ಆಸ್ಪತ್ರೆಯಿಂದ ಹಳ್ಳಿಯ ದವಾಖಾನೆಯವರೆಗೆ ಮೂರೂವರೆ ಸಾವಿರದಷ್ಟು ಸಂಸ್ಥೆಗಳಿವೆ. ಗ್ಲೌರಿಯವರು 1957ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಬಯಸಿದ್ದ ವೈದ್ಯ ಕಾಲೇಜು, ಸೇಂಟ್ ಜಾನ್ಸ್, ಅದೇ ಊರಿನಲ್ಲಿ 1963ರಲ್ಲಿ ಶುರುವಾಯಿತು.

ಅದೇ 1963ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ವೈದ್ಯ ಕಾಲೇಜು ಆರಂಭವಾಯಿತು. 1984ರಲ್ಲಿ ಮೈಸೂರಿನಲ್ಲಿ ಜೆ.ಎಸ್.ಎಸ್. ಕಾಲೇಜು. ಕಟ್ಟಡ ಕಟ್ಟುವುದರಲ್ಲಿ, ದಾನ ಕೊಡುವುದರಲ್ಲಿ ನಮ್ಮವರು ಹಿಂದೆ ಬಿದ್ದಿಲ್ಲ. ಹಿಂದೆ ಬಿದ್ದಿರುವುದು ಕೈ ಕೊಡುವುದರಲ್ಲಿ.

ಜಾತಿ, ಜನನ, ಪ್ರೇತ, ರಜಸ್ಸು, ಎಂಜಲು ಎಂಬ ಪಂಚಸೂತಕಗಳು ಲಿಂಗವಂತನಿಗಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲೇ ಶರಣರು ಸಾರಿದರು. ಅವರ ಸಾಲಿನಲ್ಲಿ ವೈದ್ಯ ಸಂಗಣ್ಣನಂಥವರೂ ಇದ್ದರು. ಹೆರಿಗೆಯ ಕೋಣೆಗೆ ಹೋಗಲು ನಮಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಅಪ್ಪಣೆ ಎಂಟು ನೂರು ವರ್ಷಗಳ ಹಿಂದೆಯೇ ಸಿಕ್ಕಿತ್ತು. ಆದರೆ ನಮ್ಮ ಎಷ್ಟು ಮನೆಗಳಲ್ಲಿ ಬಾಣಂತಿ ಹೊರಗಿನ ಕೋಣೆಯಲ್ಲಿಲ್ಲ? ಸೂಲಗಿತ್ತಿಗೆ ಅಕ್ಕಿ ಸೀರೆ ಕೊಡುತ್ತೇವೆ, ಒಳಗೆ ಕರೆದು ಪಂಕ್ತಿಯಲ್ಲಿ ಕೂರಿಸುತ್ತೇವೆಯೇ? ಮಗಳು ಡಾಕ್ಟರಾದರೆ ಊರಿಗೆಲ್ಲ ಹೇಳುತ್ತೇವೆ. ನರ್ಸ್ ಆಗುತ್ತೇನೆಂದರೆ "ಗಂಡು ಸಿಗುವುದಿಲ್ಲ" ಎನ್ನುತ್ತೇವೆ. ಇದು ಸೂತಕವಲ್ಲದೆ ಮತ್ತೇನು? ಇಲ್ಲದ ಸೂತಕವನ್ನು ನಾವು ಬಿಡಲಿಲ್ಲ; ಇದ್ದ ಕಟ್ಟಳೆಯನ್ನು ಅವರು ರೋಗಿಗಾಗಿ ಬಿಟ್ಟರು. ಈ ಮಾತು ನಮ್ಮವರಿಗೆ ಕಹಿಯಾದೀತೆಂದು ಗೊತ್ತು. ನಮ್ಮ ಮಠಗಳೂ ಇದನ್ನು ಗಟ್ಟಿಯಾಗಿ ಹೇಳಿಲ್ಲ, ಆ ತಪ್ಪು ನಮ್ಮದು.

ಆದ್ದರಿಂದ ಆ ಭಕ್ತರಿಗೆ ಹೇಳಿದೆವು: ಕೂಸನ್ನು ಮೊದಲು ಮುಟ್ಟಿದ ಕೈ ಯಾರದೆಂಬ ಚಿಂತೆ ಬೇಡ, ಆ ಕೈ ನಮ್ಮ ಮನೆಯದೇಕೆ ಆಗಿರಲಿಲ್ಲ ಎಂದು ಯೋಚಿಸಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಿರಿಯ ಮಗಳು ಪ್ಲಸ್ ಟು ಮುಗಿಸಿದ್ದಾಳೆಂದೂ, ನರ್ಸಿಂಗ್ ಅರ್ಜಿ ತಂದಿಟ್ಟುಕೊಂಡು ತಿಂಗಳಾಯಿತೆಂದೂ, ತಾವೇ ಸಹಿ ಹಾಕಿಲ್ಲವೆಂದೂ ಆಮೇಲೆ ಹೇಳಿದರು. "ಮನೆಯಲ್ಲಿ ಇವಳಮ್ಮನನ್ನು ಒಂದು ಮಾತು ಕೇಳುತ್ತೇನೆ ಬುದ್ಧಿ" ಎಂದು ವಿಭೂತಿ ತೆಗೆದುಕೊಂಡು ಎದ್ದರು. ಅರ್ಜಿಗೆ ಇನ್ನೂ ಹತ್ತು ದಿನ ಗಡುವಿದೆಯಂತೆ.