ಅನ್ನ ಕೊಟ್ಟ ಊರು

ಗುಬ್ಬಿ ಎಂದರೆ ಅಡಿಕೆ ವ್ಯಾಪಾರ, ಚನ್ನಬಸವೇಶ್ವರನ ಜಾತ್ರೆ, ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತವೆ. ವಿಲಿಯಂ ಆರ್ಥರ್ ಎಂಬ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಐರ್ಲೆಂಡಿನ ಆಂಟ್ರಿಮ್ ಸೀಮೆಯಲ್ಲಿ 1819ರಲ್ಲಿ ಹುಟ್ಟಿದ ಇವರು, ಇಪ್ಪತ್ತರ ಹರೆಯದಲ್ಲಿ ವೆಸ್ಲಿಯನ್ ಮಿಷನ್ನಿನ ಪಾದ್ರಿಯಾಗಿ ಹಡಗು ಹತ್ತಿ ಗುಬ್ಬಿಗೆ ಬಂದರು. ಮೊದಲೇ ಅಲ್ಲಿ ನೆಲೆಸಿದ್ದ ಪಾದ್ರಿ ಥಾಮಸ್ ಹಾಡ್ಸನ್ ಜೊತೆ ದುಡಿದರು, ಕನ್ನಡ ಕಲಿತರು. ಎರಡು ವರ್ಷದ ಆಸುಪಾಸಿನಲ್ಲೇ ಆರೋಗ್ಯ ಪೂರಾ ಕೆಟ್ಟು, 1841ರಲ್ಲಿ ಹಿಂದಿರುಗಬೇಕಾಯಿತು. ಕಣ್ಣಿನ ಬೇನೆ ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಆ ಕಣ್ಣಿಟ್ಟುಕೊಂಡೇ ಅವರು 1847ರಲ್ಲಿ ‘ಎ ಮಿಷನ್ ಟು ದ ಮೈಸೂರ್’ ಎಂಬ ಪುಸ್ತಕ ಹೊರತಂದರು. ನಮ್ಮ ದೇವರು, ಆಚಾರಗಳ ಬಗ್ಗೆ ಅವರು ಹೇಳಿದ್ದನ್ನೆಲ್ಲ ಒಪ್ಪಬೇಕಾಗಿಲ್ಲ, ಮತ ಹರಡಲು ಬಂದವರ ನೋಟ ಅದು. ಆದರೆ ಮನಸ್ಸಿಲ್ಲದೆ ಬಿಟ್ಟುಬಂದ ಊರಿಗೆ ಅಷ್ಟು ಪುಟಗಳನ್ನು ಕೊಟ್ಟರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ. ದುಡಿದ ಊರಿನ ಋಣವನ್ನು ಹೀಗೂ ತೀರಿಸಬಹುದು.

ಆಗ ಅವರು ಕಡಲು ದಾಟಿ ನಮ್ಮ ಕಡೆ ಬಂದರು. ಈಗ ದಾರಿ ತಿರುಗಿದೆ, ಹೊರಡುವವರು ನಮ್ಮವರು. ತುಮಕೂರಿನಲ್ಲಿ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ. ಅಲ್ಲಿ ಓದಿದವರು, ಓದದೆ ಡ್ರೈವಿಂಗ್, ವೆಲ್ಡಿಂಗ್ ಕಲಿತವರು, ನರ್ಸಿಂಗ್ ಮುಗಿಸಿದ ಹೆಣ್ಣುಮಕ್ಕಳು, ಗುಬ್ಬಿ, ಕುಣಿಗಲ್ ಕಡೆಯಿಂದಲೂ ಮಸ್ಕತ್, ದೋಹಾ, ಕುವೈತ್‌ಗೆ ಹೋಗಿ ದುಡಿಯುತ್ತಾರೆ. ಅಮೆರಿಕಕ್ಕೆ ಹೋದವರಿಗೆ ಅಲ್ಲೇ ಬೇರೂರುವ ದಾರಿಯಾದರೂ ಇದೆ. ಕೊಲ್ಲಿಯ ನಾಡುಗಳಲ್ಲಿ ಅದು ಇಲ್ಲವೆಂದೇ ಹೇಳಬೇಕು. ಇಪ್ಪತ್ತೈದು ವರ್ಷ ಕಳೆದರೂ ವಾಸದ ಪರವಾನಗಿ ನಿಂತಿರುವುದು ಕೆಲಸದ ಮೇಲೆ. ಕೆಲಸ ಮುಗಿಯಿತು, ಲೆಕ್ಕ ಚುಕ್ತಾ ಆಯಿತು, ಸಾಮಾನು ಕಾರ್ಗೋದವರ ಪಾಲಾಯಿತು ಎಂದರೆ ವೀಸಾ ರದ್ದು. ಮಗು ಹುಟ್ಟಿದ ಊರಿಗೆ ಮತ್ತೆ ಹೋಗಬೇಕಾದರೆ ಪ್ರವಾಸಿಯಾಗಿಯೇ ಹೋಗಬೇಕು.

ಹೊರಟವರನ್ನು ಅಲ್ಲಿನ ಕನ್ನಡ ಸಂಘದವರು ಶಾಲು ಹೊದಿಸಿ ಬೀಳ್ಕೊಡುತ್ತಾರೆ. ಆ ಪ್ರೀತಿ ದೊಡ್ಡದು. ಆದರೆ ಸಂಘದ ಗೆಳೆಯರು ಇನ್ನೊಂದು ದಿನ ಬೆಂಗಳೂರಿನಲ್ಲಿ ಸಿಕ್ಕಾರು. ಬೆಳಗಿನ ರೊಟ್ಟಿ ಸುಟ್ಟುಕೊಟ್ಟ ಅಫ್ಘಾನಿ ಮತ್ತೆ ಸಿಗುವುದಿಲ್ಲ. ತಿಂಗಳಿಗೊಮ್ಮೆ ತಲೆಗೂದಲು ಕತ್ತರಿಸುತ್ತಾ ಮಗಳ ಮದುವೆಯ ಖರ್ಚಿನ ಲೆಕ್ಕ ಹೇಳುತ್ತಿದ್ದ ಬಾಂಗ್ಲಾದೇಶಿ, ಸಾಲ ಬರೆದುಕೊಂಡು ಅಕ್ಕಿ ಕೊಟ್ಟ ಮಲಯಾಳಿ ಅಂಗಡಿಯಾತ, ಜ್ವರ ಬಂದ ರಾತ್ರಿ ಆಸ್ಪತ್ರೆಗೆ ಕರೆದೊಯ್ದ ಪಾಕಿಸ್ತಾನಿ ಟ್ಯಾಕ್ಸಿಯವನು, ಇವರಾರೂ ಆ ನೆಲದವರಲ್ಲ. ಅವರವರ ಸರದಿ ಬಂದಾಗ ಅವರೂ ಗಂಟು ಕಟ್ಟುವವರೇ. ನಾಲ್ಕಾರು ದೇಶದ ಬಡತನ ಒಂದೇ ಬೀದಿಯಲ್ಲಿ ಕೂಡಿ ಆದ ನೆರೆಹೊರೆ ಅದು. ಹತ್ತು ವರ್ಷ ಬಿಟ್ಟು ಹೋದರೆ ಕಟ್ಟಡಗಳು ಇದ್ದಾವು, ಗುರುತು ಹಿಡಿದು ಮಾತಾಡಿಸುವ ಒಂದು ಮುಖವೂ ಇರಲಾರದು. ಹಾಗಾಗಿ ಹೊರಡುವ ಮುಂಚೆ ಆ ಅಂಗಡಿಗಳಿಗೆ ಒಮ್ಮೆ ಹೋಗಿ ನಿಲ್ಲುವುದು, ಕೈ ಹಿಡಿದು ಹೆಸರು ಕೇಳುವುದು ಎಷ್ಟೇ ಅವಸರದಲ್ಲೂ ಬಿಡಬಾರದ ಕೆಲಸ.

ಎಲ್ಲರಿಗೂ ಆ ಅವಕಾಶ ಸಿಗಲಿಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತ್‌ಗೆ ನುಗ್ಗಿದಾಗ ನಮ್ಮವರು ಉಟ್ಟ ಬಟ್ಟೆಯಲ್ಲಿ ಮರುಭೂಮಿ ದಾಟಿ ಜೋರ್ಡಾನ್ ಸೇರಿದರು. ಅಮ್ಮಾನ್‌ನಿಂದ ಏರ್ ಇಂಡಿಯಾ 1 ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು. ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ನಮ್ಮವರನ್ನು ಕರೆತರುವ ‘ವಂದೇ ಭಾರತ್’ ವಿಮಾನಗಳು ಹಾರತೊಡಗಿದಾಗಲೂ ಕೆಲಸ ಕಳೆದುಕೊಂಡ ಎಷ್ಟೋ ಜನ ಮಾಸ್ಕ್ ಕಟ್ಟಿಕೊಂಡು, ಯಾರಿಗೂ ಹೇಳದೆ ಹೊರಟರು.

ಬಂದವರನ್ನು ನಾವು ಏನು ಕೇಳುತ್ತೇವೆ? ನೆಲಮಂಗಲ ದಾಟಿ ಒಂದು ಕಾರು ತುಮಕೂರಿಗೆ, ಇನ್ನೊಂದು ಕುಣಿಗಲ್ಲಿಗೆ ತಿರುಗುವಷ್ಟರಲ್ಲಿ ಪ್ರಶ್ನೆ ಬಂದೇ ಬರುತ್ತದೆ: “ಎಷ್ಟು ಉಳಿಸ್ದೆ ಕಣಪ್ಪ? ಸೈಟ್ ಏನಾದ್ರೂ ತಗೊಂಡ್ಯಾ? ತೋಟಕ್ಕೆ ಬೋರ್ ಹಾಕಿಸ್ತೀಯಾ?” ಕೇಳುವವರದು ತಪ್ಪಲ್ಲ, ಮನೆಯ ಕಷ್ಟ ಕಂಡವರು. ಆದರೆ ಆ ಊರು ಹೇಗಿತ್ತು, ಅಲ್ಲಿ ನಿನಗೆ ಯಾರಿದ್ದರು ಎಂದು ಕೇಳುವವರು ಬೇಕು. ಹದಿನೈದು ವರ್ಷದ ಬದುಕು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹಿಡಿಸುವುದಿಲ್ಲ.

ಮರಳಿ ಬಂದ ಅಣ್ಣಂದಿರೇ, ಅಕ್ಕಂದಿರೇ, ನನ್ನದೊಂದು ಕೋರಿಕೆ. ಮಕ್ಕಳ ಹಳೇ ನೋಟ್‌ಬುಕ್ ಆದರೂ ಸರಿ, ಬರೆದಿಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಬಯಲು ಕೆಲಸಕ್ಕೆ ಸರ್ಕಾರ ತಡೆ ಹಾಕಿದಾಗ ಎಲ್ಲಿ ಮಲಗುತ್ತಿದ್ದಿರಿ? ಶುಕ್ರವಾರ ಯಾರ ಕೋಣೆಯಲ್ಲಿ ಮುದ್ದೆ ಮಾಡುತ್ತಿದ್ದಿರಿ, ರಾಗಿಹಿಟ್ಟು ಯಾರು ತಂದುಕೊಡುತ್ತಿದ್ದರು? ಊರಿಂದ ಸಾವಿನ ಸುದ್ದಿ ಬಂದ ರಾತ್ರಿ ಪಕ್ಕದಲ್ಲಿ ಕೂತವರು ಯಾವ ದೇಶದವರು, ಅವರ ಹೆಸರೇನು?